ಹಗ್ಗದ ಬಾಲ

ಹಗ್ಗ ಅಷ್ಟು ಉದ್ದ ಇರಬಾರದಾಗಿತ್ತು. ಹಳೆಯ ಹಗ್ಗ ಯಾರದೋ ಬೋರ್‌ವೆಲ್ ಮೋಟಾರು ಎತ್ತಲು ಹೋಗಿ ವಾಪಸ್ಸು ಬರಲಿಲ್ಲವೆಂದು ಬಡಾವಣೆಯ ಸಂಘದವರು ನಾಯಂಡಹಳ್ಳಿಯ ಗೋಡೌನೊಂದರಿಂದ ಲಾರಿಗೆ ಕಟ್ಟುವ ಹೊಸ ಹಗ್ಗ ತಂದಿದ್ದರು. ಎರಡೂ ಕಡೆ ಎಂಟೆಂಟು ಜನ ಹಿಡಿದ ಮೇಲೂ ಬಡಾವಣೆಯ ಕಡೆ ಬಾಲ ಉಳಿದು, ಶಾಮಿಯಾನದ ಪರದೆಯ ಕೆಳಗೆ ನುಸುಳಿ, ಹಿಂದಿನ ಅಶ್ವತ್ಥಕಟ್ಟೆಯವರೆಗೆ ಹೋಗಿ ಬಿದ್ದಿತ್ತು. ಅದನ್ನು ಮೊದಲು ನೋಡಿದವರು ಸಂಘದ ಕಾರ್ಯದರ್ಶಿ ವೆಂಕಟಗಿರಿ. ನೋಡಿ ಸುಮ್ಮನಿರುವ ಪೈಕಿಯಲ್ಲ ಅವರು.

ಹೇರೋಹಳ್ಳಿಯಲ್ಲಿ ರಾಜ್ಯೋತ್ಸವವೆಂದರೆ ಬೆಳಿಗ್ಗೆ ಹಗ್ಗಜಗ್ಗಾಟ, ಸಂಜೆ ಬಹುಮಾನ. ಒಂದು ಕಡೆ ಹಳೇ ಊರಿನವರು. ಇನ್ನೊಂದು ಕಡೆ ಅವರದೇ ಹೊಲಗಳ ಮೇಲೆ ಮನೆ ಕಟ್ಟಿಕೊಂಡ ಬಡಾವಣೆಯವರು. ಪ್ರತಿ ವರ್ಷ ಗೆಲ್ಲುತ್ತಿದ್ದದ್ದು ಊರಿನವರೇ. ಅವರ ನಾಯಕ ಚಿಕ್ಕಣ್ಣನಿಗೆ ಅರವತ್ತು ದಾಟಿದ್ದರೂ, ಬಡಾವಣೆಯವರು ಪ್ಯಾಂಟು ಮೇಲೆಳೆದುಕೊಳ್ಳುವಷ್ಟರಲ್ಲಿ ಅವರನ್ನೆಲ್ಲ ಗೆರೆ ದಾಟಿಸಿಬಿಡುತ್ತಿದ್ದ.

ಬಡಾವಣೆಯ ತಂಡದಲ್ಲಿ ಹಗ್ಗದ ಕೊನೆ ಹಿಡಿಯುತ್ತಿದ್ದವರು ಮುರಳೀಕೃಷ್ಣ ಮೇಷ್ಟ್ರು. ಅವರನ್ನು ಆರಿಸಿದ್ದು ತೋಳು ನೋಡಿ ಅಲ್ಲ, ತೂಕ ನೋಡಿ. ಶೇರ್ ಆಟೋದವರು ಕೂಡ ಅವರನ್ನು ಕಂಡರೆ ಯೋಚನೆ ಮಾಡಿ ನಿಲ್ಲಿಸುತ್ತಿದ್ದರು. ಆ ದೇಹ ಹಗ್ಗದ ಕೊನೆಯಲ್ಲಿ ವರ್ಷಾ ವರ್ಷ ಮಣ್ಣಿನ ಮೇಲೆ ಜಾರಿಕೊಂಡು ಹೋಗುವುದನ್ನು ನೋಡಿ ಊರೆಲ್ಲ ನಗುತ್ತಿತ್ತು. ಆರನೇ ಕ್ಲಾಸಿನ ಮಗಳು ಸಿಂಚನಾ ಮಾತ್ರ ನಗುತ್ತಿರಲಿಲ್ಲ, ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

“ಮೇಷ್ಟ್ರೇ, ಆ ಬಾಲಾನ ಮರಕ್ಕೆ ಒಂದು ಸುತ್ತು ಹಾಕಿಬಿಡಿ,” ಎಂದು ವೆಂಕಟಗಿರಿ ಕಿವಿಯಲ್ಲಿ ಉಸುರಿದರು.

“ಅದು ಮೋಸ ಅಲ್ವಾ ಸಾರ್?”

“ಮರ ಏನು ಎಳೆಯುತ್ತೇನ್ರೀ? ಅದರ ಪಾಡಿಗೆ ಅದು ನಿಂತಿರುತ್ತೆ. ಅವರು ಎಳೆದೂ ಎಳೆದೂ ಸುಸ್ತಾಗ್ತಾರೆ, ಆಮೇಲೆ ನಾವು ಎಳ್ಕೊಳ್ಳೋದು. ನಮ್ಮವರಿಗೆಲ್ಲ ಹೇಳಿದೀನಿ. ನೋಡಿ, ನಿಮ್ಮ ಮಗಳು ಫ್ರೆಂಡ್ಸ್ ಕರ್ಕೊಂಡು ಬಂದಿದಾಳೆ.”

ಮೇಷ್ಟ್ರು ನೋಡಿದರು. ಸಿಂಚನಾ ಮುಂದಿನ ಸಾಲಿನಲ್ಲಿ ಅಮ್ಮನ ಫೋನು ಹಿಡಿದು, ತಲೆ ತಗ್ಗಿಸಲು ಈಗಿನಿಂದಲೇ ತಯಾರಾದವಳಂತೆ ಕೂತಿದ್ದಳು. ಮೇಷ್ಟ್ರಿಗೆ ಅಷ್ಟು ಸಾಕಾಯಿತು.

ಪರದೆಯ ಹಿಂದೆ ಚಿಕ್ಕಣ್ಣನ ತಾಯಿ ರಾಮಮ್ಮ ಶನಿವಾರದ ಪ್ರದಕ್ಷಿಣೆ ಹಾಕುತ್ತಿದ್ದರು. ಮೇಷ್ಟ್ರು ಮರಕ್ಕೆ ಹಗ್ಗ ಸುತ್ತಿ ಗಂಟು ಹಾಕುವಾಗ ಅಜ್ಜಿ ಸುತ್ತಿಕೊಂಡು ಬಂದು, ಸೀರೆ ಎತ್ತಿ ಹಗ್ಗ ದಾಟಿ, ತುಟಿ ಅಲ್ಲಾಡಿಸುತ್ತಲೇ ಮುಂದೆ ಹೋದರು. ಅಜ್ಜಿಯ ಕಣ್ಣು ಮಂಜು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು.

ಮುಖ್ಯ ಅತಿಥಿಗಳು ಕನ್ನಡ ಉಳಿಸುವುದರ ಬಗ್ಗೆ ಅರ್ಧ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಸೀಟಿ ಕೇಳಿಸಿತು.

ಊರಿನವರು ಎಳೆದರು. ಬೇರೆ ವರ್ಷವಾಗಿದ್ದರೆ ಮೊದಲ ಎಳೆತಕ್ಕೇ ಬಡಾವಣೆಯ ಅರ್ಧ ಜನ ಗಾಬರಿಯಾಗಿ ಹಗ್ಗ ಬಿಡುತ್ತಿದ್ದರು. ಈ ಸಲ ಯಾರೂ ಬಿಡಲಿಲ್ಲ. ಹಿಂದೆ ಮರ ಇದೆಯಲ್ಲ, ಇನ್ನೇನು ಭಯ? ಮೇಷ್ಟ್ರು ಹಗ್ಗವನ್ನು ಸೊಂಟಕ್ಕೆ ಸುತ್ತಿ, ಹಿಮ್ಮಡಿ ನೆಲಕ್ಕೆ ಒತ್ತಿ, ಮನೆಯ ಸೋಫಾದ ಮೇಲೆ ಒರಗುವ ಹಾಗೆ ನಿಶ್ಚಿಂತೆಯಿಂದ ಹಿಂದಕ್ಕೆ ಒರಗಿದರು. ಹಗ್ಗ ಒಂದಂಗುಲವೂ ಕದಲಲಿಲ್ಲ. ಊರಿನವರ ಮುಖ ಕೆಂಪಾಯಿತು, ಆಮೇಲೆ ಉಸಿರು ಕಟ್ಟಿತು. “ಈಗ ಎಳೀರಿ,” ಎಂದರು ವೆಂಕಟಗಿರಿ. ಎಳೆದರು. ಚಿಕ್ಕಣ್ಣ ಮುಗ್ಗರಿಸಿ ಬಿದ್ದ, ಕೈ ಅವನ ಮೈಯ ಕೆಳಗೇ ಮಡಚಿಕೊಂಡಿತು.

ಆ ಗದ್ದಲದಲ್ಲಿ ಮೇಷ್ಟ್ರು ಗಂಟು ಬಿಚ್ಚಲು ಓಡಿದರೆ ಗಂಟು ಆಗಲೇ ಬಿಚ್ಚಿತ್ತು. ವೆಂಕಟಗಿರಿ ಪಕ್ಕಕ್ಕೆ ಬಂದು ಬೆನ್ನು ತಟ್ಟಿದರು. “ಕೆಲಸ ಬಹಳ ನೀಟು ರೀ. ಗುರುತೇ ಇಲ್ಲ.” ಗಂಟು ಬಿಚ್ಚಿದ್ದು ವೆಂಕಟಗಿರಿಯೇ, ರೂಢಿಯಂತೆ ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು.

“ಅಪ್ಪಾ, ನೀನು ಬಂಡೆ ಥರ ನಿಂತಿದ್ದೆ,” ಎಂದು ಸಿಂಚನಾ ಓಡಿಬಂದು ಸೊಂಟ ತಬ್ಬಿಕೊಂಡಳು. ಹಗ್ಗ ಉಜ್ಜಿದ ಜಾಗ ಉರಿಯಿತು.

ಮಧ್ಯಾಹ್ನವೆಲ್ಲ ಮನೆ ತುಂಬ ಜನ. ಎದುರು ಮನೆಯವರು ಮೈಸೂರ್ ಪಾಕ್ ತಂದರು, ಮೇಲಿನ ಮನೆಯವರು ತೋಳು ಮುಟ್ಟಿ ನೋಡಿದರು. ಹೆಂಡತಿ ರಾಗಿಣಿ ಇಷ್ಟು ವರ್ಷಗಳಲ್ಲಿ ಮೊದಲ ಸಲ “ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ” ಎಂದಳು. ಮಗಳು ತಾನು ತೆಗೆದ ವಿಡಿಯೋ ಬಂದವರಿಗೆಲ್ಲ ತೋರಿಸುತ್ತಿದ್ದಳು. ಮೇಷ್ಟ್ರು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟರು. ನಾಚಿಕೆಯಾಗುತ್ತಿತ್ತು. ತರಗತಿಯಲ್ಲಿ ಕಾಪಿ ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆಲ್ಲ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹಳೇ ಊರಿನ ಕಡೆ ನಡೆದರು.

ಚಿಕ್ಕಣ್ಣ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಮುಂಗೈಗೆ ಮೂಳೆ ಕೂಡಿಸುವ ಪುತ್ತೂರು ಕಟ್ಟು. ಪಕ್ಕದಲ್ಲಿ ತಟ್ಟೆಯೊಳಗೆ ಮುದ್ದೆ ಒಣಗುತ್ತಿತ್ತು.

“ನೋವಿದೆಯಾ ಚಿಕ್ಕಣ್ಣನವರೇ?”

“ಕೈ ನೋವು ಬಿಡಿ ಮೇಷ್ಟ್ರೇ, ವಾಸಿ ಆಯ್ತದೆ. ಹೊಲ ಎಲ್ಲ ಸೈಟ್ ಆಯ್ತು. ಎತ್ತು ಮಾರ್ದೆ. ಮನೆ ಬಂತು, ಕಾರು ಬಂತು. ನಂದು ಅಂತ ಉಳಿದಿದ್ದು ಈ ತೋಳೊಂದೇ. ಕುರ್ಚಿ ಮ್ಯಾಲೆ ಕೂತು ಉಣ್ಣೋರ ಕೈಲಿ ಸೋತ್ಮೇಲೆ ಇನ್ನೇನೈತೆ? ಇನ್ನು ನಾನು ಹಗ್ಗ ಮುಟ್ಟಾಕಿಲ್ಲ.”

ಬಾಗಿಲಲ್ಲಿ ರಾಮಮ್ಮ ನಿಂತು ಮಂಜು ಕಣ್ಣಿನಲ್ಲಿ ಮೇಷ್ಟ್ರನ್ನೇ ನೋಡುತ್ತಿದ್ದರು. ಏನೋ ಹೇಳಲು ಹೊರಟಂತೆ ಕಂಡಿತು. ಮೇಷ್ಟ್ರು ಅವರು ಬಾಯಿ ತೆರೆಯುವ ಮೊದಲೇ ಎದ್ದು ಬಂದುಬಿಟ್ಟರು. ಅಜ್ಜಿ ಹೇಳುವ ಮೊದಲು ತಾನೇ ಹೇಳಬೇಕು ಎಂದು ದಾರಿಯಲ್ಲಿ ನಿರ್ಧಾರ ಮಾಡಿದರು.

ಸಂಜೆ ಶೀಲ್ಡು ಕೈಗೆ ಬಂದಾಗ ಮೇಷ್ಟ್ರು ಮೈಕು ಕೇಳಿ ಪಡೆದರು. “ನಾವು ಗೆಲ್ಲಲಿಲ್ಲ. ಹಗ್ಗದ ಕೊನೆಯನ್ನು ನಾನು ಅಶ್ವತ್ಥಮರಕ್ಕೆ ಕಟ್ಟಿದ್ದೆ,” ಎಂದರು.

ತಂಡದ ಎಂಟು ಜನರಲ್ಲಿ ಉಳಿದ ಏಳು ಜನ ತಮಗೇನೂ ಗೊತ್ತಿಲ್ಲವೆಂದು ಮಕ್ಕಳ ಮೇಲೆ ಆಣೆ ಮಾಡಿದರು. ಎಲ್ಲರಿಗಿಂತ ಹೆಚ್ಚು ನೊಂದುಕೊಂಡವರು ವೆಂಕಟಗಿರಿ. “ಛೆ, ಮಕ್ಕಳಿಗೆ ಪಾಠ ಹೇಳೋರು ನೀವು, ಹೀಗೆ ಮಾಡೋದಾ?” ಎಂದು ಮೈಕಿನಲ್ಲೇ ಕೇಳಿದರು. ಊರಿನ ಹುಡುಗರು ಓಡಿಹೋಗಿ ಚಿಕ್ಕಣ್ಣನನ್ನು ಹೊತ್ತುಕೊಂಡು ಬಂದರು. ಅವನು ಎಡಗೈಯಲ್ಲಿ ಶೀಲ್ಡು ಎತ್ತಿ ಹಿಡಿದ. ತಮಟೆ ಶುರುವಾಯಿತು. ಬೆಳಗಿನಿಂದ ಕಮರಿದ್ದ ಅವನ ಮುಖ ಅರಳಿದ್ದನ್ನು ನೋಡಿ ಮೇಷ್ಟ್ರಿಗೆ ಎದೆಯ ಭಾರ ಇಳಿಯಿತು. ಮುಂದಿನ ಸಾಲಿನ ಕಡೆ ತಿರುಗಿದರು. ಸಿಂಚನಾಳ ಕುರ್ಚಿ ಖಾಲಿಯಾಗಿತ್ತು.

ಮನೆಗೆ ಹೋಗಲು ಧೈರ್ಯ ಬಾರದೆ ಅವರು ಅಶ್ವತ್ಥಕಟ್ಟೆಯ ಮೇಲೆ ಕೂತರು. ರಾಮಮ್ಮ ದೀಪ ಹಚ್ಚಲು ಬಂದರು.

“ಯಾಕಪ್ಪ ಹಂಗೆ ಹೇಳ್ದೆ?”

“ಸತ್ಯ ಹೇಳ್ದೆ ಅಜ್ಜಿ. ನೀವೂ ನೋಡಿದ್ರಲ್ಲ, ನಾನು ಕಟ್ಟೋದನ್ನ.”

“ಕಟ್ಟಿದ್ದು ನೋಡ್ದೆ. ಪ್ರದಕ್ಷಿಣೆ ದಾರೀಗೆ ಅಡ್ಡ ಹಗ್ಗ ಕಟ್ತಾರೇನಪ್ಪ? ಒಂದ್ಸಲ ದಾಟ್ದೆ, ಇನ್ನೊಂದು ಸುತ್ತಿಗೆ ಎಡವ್ದೆ. ಬಿಚ್ಚಿ ಅತ್ಲಾಗೆ ಎಸ್ದೆ. ಆಗಿನ್ನೂ ಆ ವಯ್ಯ ಭಾಷಣ ಕುಟ್ತಾನೇ ಇದ್ದ.”

ಮೇಷ್ಟ್ರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೀಟಿ ಊದಿದಾಗ ಹಗ್ಗ ಮರದಲ್ಲಿ ಇರಲೇ ಇಲ್ಲ. ಚಿಕ್ಕಣ್ಣನನ್ನು ತಡೆದು ನಿಲ್ಲಿಸಿದ್ದು ಮರವಲ್ಲ. ಹುಟ್ಟಿದಾಗಿನಿಂದ ಎಲ್ಲರ ನಗೆಪಾಟಲಿಗೆ ಈಡಾದ ಈ ದೇಹ ಮೊದಲ ಸಲ ನ್ಯಾಯವಾಗಿ ಗೆದ್ದಿತ್ತು.

“ಅಜ್ಜಿ, ಬನ್ನಿ, ಇದನ್ನ ಎಲ್ಲರ ಮುಂದೆ ಹೇಳಿ. ಬೇಡ, ನನ್ನ ಮಗಳೊಬ್ಬಳ ಮುಂದೆ ಹೇಳಿ ಸಾಕು.”

ರಾಮಮ್ಮ ದೀಪದ ಬತ್ತಿ ಸರಿಮಾಡಿದರು. “ನನ್ ಮಗ ಈಗ ಮುದ್ದೆ ಉಣ್ತಾವ್ನೆ. ಬೆಳಗ್ಗಿಂದ ನೀರು ಮುಟ್ಟಿರ್ಲಿಲ್ಲ. ನಾನು ಬಾಯಿ ಬಿಟ್ರೆ ತಟ್ಟೆ ಬಿಟ್ಟು ಏಳ್ತಾನೆ, ಆಮೇಲೆ ಏಳಾಕಿಲ್ಲ. ನಿನ್ ಮಗಳು ಚಿಕ್ಕೋಳು, ಮರೀತಾಳೆ. ನನ್ ಮಗ ಮುದುಕ, ಮರೆಯಾಕೆ ಅವನಿಗೆ ಟೈಮಿಲ್ಲ. ದೇವರ ಮರದ ಕೆಳಗೆ ಕೇಳ್ತಾ ಇವ್ನಿ, ಯಾರಿಗೂ ಹೇಳಾಕಿಲ್ಲ ಅಂತ ಭಾಷೆ ಕೊಡು.”

ಮೇಷ್ಟ್ರು ಕೈ ಚಾಚಿದರು. ಚಾಚದೆ ಏನು ಮಾಡುತ್ತಾರೆ? ಅಜ್ಜಿ ಅವರ ಅಂಗೈ ಮೇಲೆ ಅಂಗೈ ಇಟ್ಟು, “ಮುಂದಿನ್ ವರ್ಷ ಬೇರೆ ಮರಕ್ಕೆ ಕಟ್ಟು,” ಎಂದು ಹೇಳಿ ಹೊರಟುಹೋದರು.

ಮನೆಯ ಬಾಗಿಲಲ್ಲಿ ಸಿಂಚನಾ ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು.

“ಅಪ್ಪ, ನಿಜವಾಗ್ಲೂ ಮರಕ್ಕೆ ಕಟ್ಟಿದ್ಯಾ? ಆಣೆ ಮಾಡಿ ಹೇಳು.”

“ಹೂಂ ಕಣಮ್ಮ, ಕಟ್ಟಿದ್ದೆ,” ಎಂದರು ಮೇಷ್ಟ್ರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಿಂಚನಾ ಒಳಗೆ ಹೋಗಿ ಅಮ್ಮನ ಫೋನಿನಿಂದ ಬೆಳಗಿನ ವಿಡಿಯೋ ಅಳಿಸಿಹಾಕಿದಳು. ಅಪ್ಪ ಬಂಡೆಯ ಹಾಗೆ ನಿಂತಿದ್ದಕ್ಕೆ ಸಾಕ್ಷಿಯಾಗಿ ಉಳಿದಿದ್ದದ್ದು ಅದೊಂದೇ.