ಡಾಕ್ಟರ ತುಪ್ಪು, ಅವ್ವನ ತುಪ್ಪ

ಮಕ್ಕಳು ಗುಂಡಗಿದ್ದರೆ ಅದು ಅಪ್ಪಂದಿರ ಸಾಧನೆ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಳ್ಳಾರಿಯಲ್ಲಿ ನಮ್ಮ ಒಂಬತ್ತು ವರ್ಷದ ಗಿರಿಜೆಯನ್ನು ಯಾರಾದರೂ 'ಎಷ್ಟು ಮುದ್ದಾಗಿದಾಳ್ರೀ' ಎಂದರೆ ಸಾಕು, ನಾನು ಮೀಸೆ ನೇವರಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಹುಡುಗಿ ಶಾಲೆಯಿಂದ ಅಳುತ್ತ ಬಂದಳು. "ಖೋ ಖೋದಾಗ ನನ್ನ ಯಾರೂ ಕರಕೊಳ್ಳಂಗಿಲ್ಲಪ್ಪ. ಎರಡು ಸುತ್ತು ಓಡಿದ್ರ ದಮ್ಮು ಹತ್ತತೈತಿ" ಎಂದಳು. ಮರುದಿನವೇ ಡಾಕ್ಟರ ಹತ್ತಿರ ಹೊರಟೆವು. ಕುರುಗೋಡಿನಿಂದ ಬಂದಿದ್ದ ನನ್ನ ಅವ್ವ, ಮೊಮ್ಮಗಳನ್ನು ಗಂಡಸರ ಕೈಲಿ ಬಿಡುವುದುಂಟೇ ಎಂದು ತಾನೂ ಬಂದಳು.

ಡಾಕ್ಟರು ಆದೋನಿ ಕಡೆಯವರು. ಅವರ ಕನ್ನಡ ಅವಸರದಲ್ಲಿದ್ದಾಗ ತೆಲುಗಿನ ಕೈ ಹಿಡಿಯುತ್ತಿತ್ತು. ಗಿರಿಜೆಯ ಕತ್ತಿನ ಹಿಂದೆ ಬೊಜ್ಜಿನಿಂದ ಕಟ್ಟಿದ್ದ ಕಪ್ಪು ನೋಡಿ, "ತೂಕ ನೋಡ್ಕೋಬೇಕಮ್ಮಾ. ಈ ಮೈಯೊಳಗೆ ಕಣಕಣಕ್ಕೂ ತುಪ್ಪು ಹಿಡೀತದೆ" ಎಂದರು. ತೆಲುಗಿನಲ್ಲಿ ತುಪ್ಪು ಎಂದರೆ ತುಕ್ಕು. ಅವ್ವನ ಕಿವಿಗೆ ಅದು ತುಪ್ಪವಾಗಿಯೇ ಬಿತ್ತು. "ಕೂಸಿನ ಮೈ ಇನ್ನೂ ತುಪ್ಪ ಹಿಡಿತೈತಂತ! ಡಾಕ್ಟರೇ ಹೇಳ್ಯಾರ" ಎಂದು ದಾರಿಯುದ್ದಕ್ಕೂ ಹಿಗ್ಗಿದಳು. ದಿನವಿಡೀ ತೆಲುಗು ವ್ಯಾಪಾರಿಗಳೊಡನೆ ಹರಟುವ ನನಗೆ ಅರ್ಥವಾಗಿತ್ತು. ಆದರೆ ಮಗಳ ತುಪ್ಪ ನಿಂತರೆ ನನ್ನ ತಟ್ಟೆಯದೂ ನಿಲ್ಲುತ್ತದಲ್ಲ! ನಾಳೆ ಹೇಳಿದರಾಯಿತು ಎಂದುಕೊಂಡೆ. ಅವ್ವ ರೊಟ್ಟಿಗೆ, ಹೋಳಿಗೆಗೆ, ಕಡೆಗೆ ಸಾರಿಗೂ ತುಪ್ಪ ಸುರಿದಳು. ಆ ನಾಳೆ ಬರುವಷ್ಟರಲ್ಲಿ ತಿಂಗಳು ಕಳೆಯಿತು.

ಮತ್ತೆ ಹೋದಾಗ ಗಿರಿಜೆಯ ತೂಕ ಇನ್ನೂ ಏರಿದ್ದು ನೋಡಿ ಡಾಕ್ಟರು ಕಂಗಾಲಾದರು. "ನೀವು ಹೇಳಿದಂಗ ತುಪ್ಪ ಹಾಕೀನ್ರಿ" ಎಂದಳು ಅವ್ವ, ಹೆಮ್ಮೆಯಿಂದ. ಅವರು ಎದ್ದು ಕಿಟಕಿಯ ಸರಳು ಕೆರೆದು ಕೆಂಪು ಪುಡಿ ತೋರಿಸಿದರು. "ಇದಮ್ಮಾ ತುಪ್ಪು. ಗಾಳಿ ತಾಕಿ ಕಬ್ಬಿಣ ಹಿಂಗಾಗ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿಯಾದ್ರೆ ಉಸಿರಾಡೋ ಗಾಳೀನೇ ಜೀವಕಣಗಳನ್ನ ಹಿಂಗೇ ಕೆಡಿಸ್ತದೆ. ಮಗು ಇನ್ನೂ ಚಿಕ್ಕದು, ಈಗ್ಲೇ ತಡೀಬೇಕು."

ಅವ್ವನ ಮುಖ ಬಾಡಿತು. "ನನ್ನ ಕೈಲೇ ಕೂಸಿಗೆ ತುಕ್ಕು ಉಣಿಸಿದೆನಲ್ಲೋ! ನಿನಗ ತೆಲುಗು ಬರ್ತೈತಿ, ಯಾಕ ಹೇಳಲಿಲ್ಲ?" ಗಿರಿಜೆ ಅಜ್ಜಿಯ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, "ಇವರ ತೆಲುಗು ನನಗ ಅಷ್ಟು ತಿಳಿಯಂಗಿಲ್ಲವ್ವ" ಎಂದುಬಿಟ್ಟೆ.

ಅಂದಿನಿಂದ ಅವ್ವನೇ ಮೊಮ್ಮಗಳನ್ನು ದಿನಾ ಗುಡ್ಡದ ತನಕ ನಡೆಸಿದಳು. ಮರುವರ್ಷ ಗಿರಿಜೆ ಖೋ ಖೋ ತಂಡದಲ್ಲಿದ್ದಳು. ನನ್ನ ಕಥೆ ಮಾತ್ರ ಆ ದಿನವೇ ಮುಗಿದಿತ್ತು. ಹೊರಡುವಾಗ ಡಾಕ್ಟರು ನನ್ನ ಹೊಟ್ಟೆಯತ್ತ ನೋಡಿ, ತೂಕದ ಯಂತ್ರ ತೋರಿಸಿ, "ಮೀರು ಎಕ್ಕಂಡಿ" ಎಂದರು. ನಾನು ಏನೂ ತಿಳಿಯದವನಂತೆ ನಿಂತೆ.

"ನಿನಗ ಹತ್ತು ಅಂತಾರ, ಹತ್ತಲೇ!" ಎಂದಳು ಅವ್ವ. ಆ ತೆಲುಗು ಅವಳಿಗೆ ಒಂದಕ್ಷರವೂ ತಪ್ಪಲಿಲ್ಲ.