ನಾರಿದ್ದೂ ಕೈಕೊಟ್ಟ ಸುಕ್ಕರಿ ಮಾವಿಗೆ

ಇಸ್ಮಾಯಿಲಿಯಾ,
ಆಗಸ್ಟ್ ತಿಂಗಳ ಸೆಕೆಯ ನಡುವಿನಿಂದ

ಮಾನ್ಯ ಸುಕ್ಕರಿ ಮಾವಿನಹಣ್ಣಿನವರೇ,

ತಮಗೂ, ತಮ್ಮ ಕುಲೀನ ಬಂಧುವಾದ ಉವೈಸ್ ಮಾವಿಗೂ, ತಮ್ಮನ್ನು ಹೊತ್ತ ಮರಕ್ಕೂ, ಆ ಮರಕ್ಕೆ ನೀರುಣಿಸುವ ಸಿಹಿನೀರಿನ ಕಾಲುವೆಗೂ ಸಲಾಂ ಸಲ್ಲಿಸಿ, ಸೂಯೆಜ್ ಕಾಲುವೆಯ ಫೆರಿಯನ್ನು ಈ ದಡದಿಂದ ಆ ದಡಕ್ಕೆ ಓಡಿಸಿ ನಿವೃತ್ತನಾದ ಬಹ್ಜತ್ ಅಬ್ದುಲ್ ಜವಾದ್ ಎಂಬ ನಾನು ವಿನಯಪೂರ್ವಕ ಬರೆದುಕೊಳ್ಳುವುದೇನೆಂದರೆ, ತಾವು ನನಗೆ ಕೈಕೊಟ್ಟಿರಿ.

ತಮ್ಮ ರುಚಿಯ ಬಗ್ಗೆ ನನಗೆ ತಕರಾರಿಲ್ಲ, ಇರುವುದು ತಮ್ಮ ಕರ್ತವ್ಯಲೋಪದ ಬಗ್ಗೆ. ತಮ್ಮನ್ನು ಚಾಕುವಿನಿಂದ ಕೊಯ್ಯಬಾರದು, ಅಂಗೈಯಲ್ಲಿ ಹಿಸುಕಿ ಮೆತ್ತಗಾಗಿಸಿ, ತೊಟ್ಟು ಕಚ್ಚಿ ತೆಗೆದು, ಬನಿಯನ್ನಿನಲ್ಲಿ ಬಾಲ್ಕನಿಗೆ ಹೋಗಿ ಚೀಪಬೇಕು ಎಂಬುದು ನಮ್ಮೂರಿನಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಹೋಳು ಮಾಡಿ ಫೋರ್ಕಿನ ಸಮೇತ ನೆಂಟರ ಮುಂದಿಡುವುದು ನಾರಿಲ್ಲದ ಉವೈಸನ್ನು ಮಾತ್ರ. ಈ ನಿಯಮ ಮೀರಿದ ಮನೆಗೆ ಮರ್ಯಾದಸ್ಥರು ಮತ್ತೆ ಕಾಲಿಡುವುದಿಲ್ಲ. ನಾನು ತಮ್ಮನ್ನು ನಂಬಿದ್ದೂ ಅದಕ್ಕಾಗಿಯೇ.

ಕಳೆದ ಶುಕ್ರವಾರ ನನ್ನ ಒಬ್ಬಳೇ ಮಗಳು ನಸ್ಮಾಳನ್ನು ಕೇಳಲು ವಜೀಹ್ ಎಂಬ ಹುಡುಗ ಹಜ್ ಮಾಡಿ ಬಂದು ‘ಹಾಗ್ಗಾ’ ಎನಿಸಿಕೊಂಡ ತನ್ನ ತಾಯಿ ದೌಲತ್ ಅವರೊಂದಿಗೆ ಮತ್ರೂಹ್‌ನಿಂದ ಬಂದಿದ್ದ. ಹುಡುಗ ಒಳ್ಳೆಯವನು, ಮಗಳಿಗೂ ಇಷ್ಟ, ಅದೇ ತೊಂದರೆ. ಮತ್ರೂಹ್ ಎಂದರೆ ದೇಶದ ಇನ್ನೊಂದು ತುದಿ, ಇಡೀ ದಿನದ ಬಸ್ಸು, ಅಂಜೂರ ಆಲಿವ್ ಬಿಟ್ಟರೆ ಬೇರೆ ಮರವೇ ಕಣ್ಣಿಗೆ ಬೀಳದ ಕಡಲತೀರ. ಅಷ್ಟು ದೂರ ಮಗಳನ್ನು ಕಳಿಸಲು ನನಗೆ ಮನಸ್ಸಿಲ್ಲ, ಬೇಡವೆನ್ನಲು ಬಾಯಿಲ್ಲ. ಆದ್ದರಿಂದ ಬಾಯಿಯ ಕೆಲಸವನ್ನು ತಮ್ಮ ನಾರಿಗೆ ವಹಿಸಿದೆ.

ನನ್ನ ಹೆಂಡತಿ ಇನ್ಶಿರಾಹ್ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಂಚದಡಿ ಹಣ್ಣುಮಾಡಿದ್ದ ಉವೈಸುಗಳನ್ನು ಅಲ್ಲೇ ಬಿಟ್ಟು, ‘ಹಣ್ಣು ನಾನು ಕೊಯ್ತೀನಿ, ನೀನು ನೆಂಟರ ಹತ್ರ ಕೂತ್ಕೋ’ ಎಂದು ತಮ್ಮೊಂದಿಗೆ ಅಡುಗೆಮನೆ ಸೇರಿದೆ. ಮದುವೆಯಾದಾಗಿನಿಂದ ಚಾಕು ಮುಟ್ಟದ ಗಂಡ ಹೀಗೆಂದದ್ದಕ್ಕೆ ಆಕೆ ಕಣ್ಣೊರೆಸಿಕೊಂಡಳು. ತೊಟ್ಟಿನ ಸೊನೆ ತೊಳೆದು, ವಾಟೆಯ ಪಕ್ಕದಿಂದ ಕೆನ್ನೆ ಕೊಯ್ಯಲು ಹೊರಟರೆ ಚಾಕು ನಾರಿನಲ್ಲಿ ಸಿಕ್ಕಿಕೊಂಡಿತು, ರಸ ಮೊಣಕೈವರೆಗೆ ಇಳಿಯಿತು, ಅರ್ಧ ಹಣ್ಣು ಜಾರಿ ಸಿಂಕಿಗೆ ಬಿತ್ತು. ತಟ್ಟೆ ತುಂಬ ಗಡ್ಡ ಬಿಟ್ಟ ಹೋಳುಗಳು ಕೂತವು. ಇಷ್ಟು ಕೆಟ್ಟದಾಗಿ ಕೊಯ್ಯಬಲ್ಲೆನೆಂದು ತಿಳಿದು ನನಗೇ ಹೆಮ್ಮೆಯಾಯಿತು.

ಹಾಗ್ಗಾ ಒಂದು ಹೋಳನ್ನು ಬಾಯಿಗಿಟ್ಟರು. ನಾರು ಗಲ್ಲದ ಮೇಲೆ ಇಳಿಬಿತ್ತು. ಇನ್ಶಿರಾಹ್‌ಳ ಮುಖ ಬಿಳುಚಿಕೊಂಡಿತು, ನಾನು ಮಾತ್ರ ಬಸ್ಸಿನ ವೇಳೆ ನೋಡತೊಡಗಿದೆ. ಆಗ ಹಾಗ್ಗಾ ಫೋರ್ಕು ಕೆಳಗಿಟ್ಟು ಅಂದದ್ದನ್ನು ತಾವೂ ಕೇಳಿಸಿಕೊಂಡಿದ್ದೀರಿ: ‘ಇದೇನ್ರೀ ನಸ್ಮಾನ ಅಪ್ಪಾ, ಸುಕ್ಕರೀನ ಕೊಯ್ದಿದ್ದೀರಲ್ಲಾ! ಯಾವ ಮನೇಗೆ ಹೋದ್ರೂ ಉವೈಸು, ಫೋರ್ಕು, ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರೋದು. ನನಗಂತೂ ಸಾಕಾಗಿತ್ತು. ಹೀಗೆ ಮನೆಮಂದಿ ಥರ ನಡ್ಕೊಂಡೋರು ನೀವೇ ಮೊದಲು. ವಾಟೆ ಎಲ್ಲಿ? ಒಳಗೆ ಬಚ್ಚಿಟ್ಕೊಂಡ್ರಾ? ತನ್ನಿ ಇಲ್ಲಿ! ನಸ್ಮಾ, ಒಂದು ಹಳೇ ಪೇಪರ್ ಹಾಸಮ್ಮಾ.’

ಆಕೆ ತೋಳು ಮೇಲೇರಿಸಿದರು, ಹುಡುಗ ಕೋಟು ಕಳಚಿದ, ತಾವು ನಾಚಿಕೆಯಿಲ್ಲದೆ ಎಲ್ಲರ ಬಾಯಲ್ಲೂ ಸಿಹಿಯಾದಿರಿ. ಜಿಗುಟು ಅಂಗೈಗಳನ್ನೇ ಮೇಲಕ್ಕೆತ್ತಿ ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿಮಾಡಿದ್ದಾಯಿತು. ಕೈಯೊರೆಸಲು ಟವೆಲು ತಂದ ನಸ್ಮಾ ನನ್ನ ಕಿವಿಯಲ್ಲಿ, ‘ಬಾಬಾ, ಉವೈಸು ಮಂಚದಡೀಲೇ ಇದೆ, ನೋಡ್ದೆ. ಅಮ್ಮಂಗೆ ಹೇಳಲ್ಲ ಬಿಡು’ ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಟವೆಲಿನಿಂದ ಕೈಯ ಜೊತೆ ಮುಖವನ್ನೂ ಒರೆಸಿಕೊಂಡೆ.

ಮದುವೆ ಯಾವಾಗ ಎಂದು ಕೇಳಿದ್ದಕ್ಕೆ ಹಾಗ್ಗಾ, ‘ಮಾವು ಮುಗೀಲಿ. ಅಲ್ಲೀವರೆಗೆ ಯಾರ ಕೈ ಬಿಡುವಾಗಿರುತ್ತೆ?’ ಎಂದರು. ಆದಕಾರಣ ಈ ವರ್ಷ ತಾವು ಮುಗಿಯಬಾರದೆಂದು ಕೋರುತ್ತೇನೆ. ಡಿಸೆಂಬರಿನ ಚಳಿಯಲ್ಲೂ ಕಾಯಿ ಬಿಡಿ. ಯಾವುದೋ ತೋಟದ ಯಾವುದೋ ಕೊಂಬೆಯಲ್ಲಿ ಒಂದೇ ಹಣ್ಣು ಉಳಿದರೂ ಸಾಕು, ಸುಗ್ಗಿ ಇನ್ನೂ ಇದೆಯೆಂದು ನಾನು ವಾದಿಸಿಕೊಳ್ಳುತ್ತೇನೆ. ಅದೂ ಆಗದಿದ್ದರೆ, ನಸ್ಮಾ ಹೋದ ಮೇಲೆ ನಾನೊಬ್ಬನೇ ಕೂತು ಚೀಪುವಾಗಲೂ ಇಷ್ಟೇ ಸಿಹಿಯಾಗಿರುವುದಾಗಿ ದಯವಿಟ್ಟು ಬರೆದುಕೊಡಿ.

ಬೇರೆ ದಾರಿಯಿಲ್ಲದೆ ಈಗಲೂ,
ತಮ್ಮ ವಿಶ್ವಾಸಿ,
ಬಹ್ಜತ್ ಅಬ್ದುಲ್ ಜವಾದ್

ಮರೆತ ಮಾತು: ಸೊಸೆಗೆ ತವರಿನ ಹಣ್ಣು ಅಲ್ಲೇ ಸಿಗಲೆಂದು ಹಾಗ್ಗಾ ಹೊರಡುವಾಗ ತಮ್ಮದೊಂದು ಸಸಿಯನ್ನು ತುಪ್ಪದ ಡಬ್ಬಿಯಲ್ಲಿ ನೆಟ್ಟು ಒಯ್ದಿದ್ದಾರೆ. ಆ ಉಪ್ಪುಗಾಳಿಯಲ್ಲಿ ತಾವು ಚೆನ್ನಾಗಿ ಬದುಕಿ, ನನ್ನ ಅಡ್ಡಿಯಿಲ್ಲ. ಹಣ್ಣು ಬಿಡುವ ವಿಷಯದಲ್ಲಿ ಮಾತ್ರ ನಮ್ಮ ಪಿಂಚಣಿ ಕಚೇರಿಯವರಷ್ಟೇ ನಿಧಾನವಾಗಿರಿ. ಅಲ್ಲಿಯವರೆಗೆ ಪ್ರತಿ ಬೇಸಿಗೆಗೂ ಮಗಳು ಇಲ್ಲಿಗೇ ಬರಬೇಕಾಗುತ್ತದೆ.