ಹನ್ನೊಂದನೇ ಪುಟದ ತಪ್ಪು

ಮನೆಯ ಗ್ಯಾಸ್ ಸಿಲಿಂಡರ್ ಬದಲಿಸಲು ಬಾರದವರೇ ಜಗತ್ತಿನ ದೊಡ್ಡ ಸಮಸ್ಯೆಗಳಿಗೆ ಕೈಹಾಕುವುದು. ನಾನು ಅಂಥವನು, ಮಧುಗಿರಿಯ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ನನ್ನನ್ನು ಹಿಡಿದ ಸಮಸ್ಯೆ ಇಷ್ಟೇ: ಎರಡು ಸಂಖ್ಯೆಗಳನ್ನು ಬಹುಪದೋಕ್ತಿಗಳಿಗೆ ಹಾಕಿ, ಗುಣಿಸಿ ಕೂಡಿಸಿ, ಬೇರೆ ಎರಡು ಸಂಖ್ಯೆ ಪಡೆಯುತ್ತೇವೆ. ಇಂಥ ಪ್ರತಿ ಜೋಡಿಯೂ ನಮಗೊಂದು ಬಿಂದು. ಹೊಸ ಜೋಡಿಯನ್ನು ನೋಡಿ ಹಳೆಯದನ್ನು ತಪ್ಪದೆ ಹೇಳಬಹುದೇ? ಒಂದು ಸಣ್ಣ ಪರೀಕ್ಷೆಯಲ್ಲಿ ಪಾಸಾದ ಬಹುಪದೋಕ್ತಿಗಳಿಗೆಲ್ಲ ಹೇಳಬಹುದು ಎಂಬುದೊಂದು ಊಹೆ. ಅದನ್ನು ಸಾಧಿಸಲು ಹೋದ ಘಟಾನುಘಟಿಗಳೆಲ್ಲ ಎಡವಿದ್ದಾರೆ.

ಒಂದು ಶನಿವಾರ ನಾನು ಸಾಧಿಸಿಬಿಟ್ಟೆ. ಇಪ್ಪತ್ತು ಪುಟ! ಅಡುಗೆಮನೆಗೆ ಓಡಿ ಹೆಂಡತಿಗೆ ಹೇಳಿದರೆ, "ಅಂಗಾದ್ರೆ ಇನ್ಮೇಲಾದ್ರೂ ಕರೆದ್ರೆ ಓ ಅಂತೀರಾ?" ಎಂದಳು. ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಇತಿಹಾಸ ಓದಿದ ಅವರಿಗೆ ಅನುಮಾನವೇ ಬರಲಿಲ್ಲ. "ಸೋಮವಾರ ಸನ್ಮಾನ ಇಟ್ಟೇಬುಡ್ತೀನಿ ಕಣ್ರೀ, ಪೇಟ ತರಿಸ್ತೀನಿ" ಎಂದರು. ಬೇಡವೆನ್ನಲು ಬಾಯಿ ತೆರೆದೆ. ಹೊರಬಂದದ್ದು "ಆಗ್ಲಿ ಸಾರ್" ಎಂಬ ಮಾತು.

ಭಾನುವಾರ ಬಸ್ಸು ಹತ್ತಿ ಶಿರಾಗೆ ಹೋದೆ. ನನಗೆ ಗಣಿತದ ಹುಚ್ಚು ಹಿಡಿಸಿದ ಗುರುಗಳು, ಈಗ ನಿವೃತ್ತರಾಗಿರುವ ರಹೀಂ ಸಾಹೇಬರು, ಅಲ್ಲಿದ್ದಾರೆ. ಚಾಪೆಯ ಮೇಲೆ ಕೂತು ಓದುತ್ತ ಪ್ರತಿ ಪುಟಕ್ಕೂ "ವಾಹ್!" ಎಂದರು. ಹನ್ನೊಂದಕ್ಕೆ ಬಂದು, ಅದೊಂದನ್ನೇ ಮೂರು ಸಲ ಓದಿದರು. ನನ್ನ ಕೈಯಲ್ಲಿದ್ದ ಟೀ ಆರಿತು.

"ಬೇಟಾ, ಇಲ್ಲಿ ನೋಡು. ಪ್ರತಿ ಬಿಂದು ಹತ್ರ ವಾಪಸ್ ದಾರಿ ಐತೆ ಅಂತ ತೋರ್ಸಿದೀಯ, ಸರಿ. ದೂರದ ಇನ್ನೊಂದು ಬಿಂದೂನೂ ಬಂದು ಇದೇ ಜಾಗದಾಗೆ ಕುಂತ್ರೆ? ಆಗ ಯಾವ ದಾರಿ ಹಿಡೀತೀಯ?"

ಅಲ್ಲಿಂದ ಮುಂದಿನ ಪುಟಗಳೆಲ್ಲ ರದ್ದಿಯಾದವು. ನನ್ನ ಮುಖ ನೋಡಿ ಸಾಹೇಬರು ನಗತೊಡಗಿದರು. ಎದ್ದು ಟ್ರಂಕಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ತಂದು ಮುಂದಿಟ್ಟರು. ಅದರಲ್ಲಿ ಅದೇ ಸಮಸ್ಯೆ, ಅದೇ ತಪ್ಪು! "ನಾನು ನಾಲ್ಕನೇ ಪುಟದಾಗೇ ಬಿದ್ದೆ. ನೀನು ಹನ್ನೊಂದರ ಗಂಟ ಬಂದಿದೀಯ, ಶಾಭಾಷ್!" ಅವರು ನಕ್ಕ ರಭಸಕ್ಕೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡು ಇನ್ನೊಂದು ಟೀ ಕುಡಿದೆವು.

ಸೋಮವಾರ, ಪೇಟ ತಲೆಗೇರುವ ಮೊದಲೇ ಮೈಕ್ ಹಿಡಿದೆ. ಸಾಧಿಸಿಲ್ಲವೆಂದು ಒಪ್ಪಿಕೊಂಡು, ಎಲ್ಲಿ ಎಡವಿದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು, "ತಂದಿದ್ ಪೇಟ ಅಂಗಡಿಯವ್ನು ವಾಪಸ್ ತಗಳಲ್ಲ ಕಣ್ರೀ" ಎಂದು ತೊಡಿಸಿಯೇಬಿಟ್ಟರು.

ವೇದಿಕೆಯಿಂದ ಕೆಳಗಿಳಿದಾಗ, ಮಿಡಿಗೇಶಿಯಿಂದ ಬಂದುಹೋಗುವ ವಿದ್ಯಾರ್ಥಿನಿ ಸುಜಾತ ಎದುರಾದಳು. "ಸಾರ್, ನೀವ್ ಹೇಳಿದ್ದು ಪೂರ್ತಿ ಅರ್ಥ ಆಗಿದ್ದು ಇವತ್ತೇ ಸಾರ್. ಮಿಕ್ಕಿದ್ ಪಾಠಾನೂ ಇಂಗೇ ತಪ್ಪಾಗಿ ಮಾಡ್ಬುಡಿ" ಎಂದಳು.

ಹನ್ನೆರಡು ವರ್ಷದಿಂದ ಒಂದೂ ತಪ್ಪಿಲ್ಲದೆ ಪಾಠ ಮಾಡುತ್ತಿದ್ದೇನೆಂದು ನನಗೆ ಅಲ್ಲಿಯವರೆಗೂ ಬಹಳ ಜಂಬವಿತ್ತು.